ನನ್ನ ಮಾತು, ನಿನ್ನ ಕೊರಳು

ಫೆಬ್ರವರಿ ೩, ಸೋಮವಾರ

ಹಾಡು ಇವತ್ತು ಮುಗಿಯಿತು.

ಕೊನೆಯ ಸಾಲು ಸಿಕ್ಕಿದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಕನ್ನಡಕದ ಗಾಜಿನ ಅಂಚು ಉಜ್ಜುವ ಯಂತ್ರದ ಮುಂದೆ. ಅದು ಕಿರಿಚುವಾಗ ಪಕ್ಕದಲ್ಲಿ ಯಾರು ಏನು ಹಾಡಿದರೂ ಹೊರಗೆ ಕೇಳಿಸುವುದಿಲ್ಲ. ಹಾಗಾಗಿ ಜೋರಾಗಿಯೇ ಹಾಡಿದೆ. ಯಾರೋ ಮೇಷ್ಟರ ಎಡಗಣ್ಣಿನ ಗಾಜು ಸ್ವಲ್ಪ ಹೆಚ್ಚೇ ಸವೆದುಹೋಯಿತು. ಇನ್ನೊಂದು ಹಾಕಿಕೊಡಬೇಕು. ಪರವಾಗಿಲ್ಲ.

ಪಲ್ಲವಿ ಹೀಗಿದೆ:

ನನ್ನ ಮಾತು ನಿನ್ನ ಕೊರಳಿಗೆ
ಹೇಗೆ ಸಿಕ್ಕಿತು ಹೇಳೇ
ಬೀಗ ಹಾಕಿದ ಮನೆಯ ಹಾಡಿಗೆ
ದಾರಿ ತೋರಿದ್ಯಾರೇ

ಇದು ಯಾರಿಗೆ ಎಂದು ಕೇಳಿದವರಿಗೆ ಗೊತ್ತಾಗದೆ ಇರಬಹುದು. ಅವಳಿಗೆ ಗೊತ್ತಾಗುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾಳೆ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಊರಿಗೂ ಗೊತ್ತಾಗುತ್ತದೆ:

ನೀರು ಎರೆದದ್ದು ನನ್ನ ಬಳ್ಳಿಗೆ
ಹೂವು ಬಿಟ್ಟದ್ದು ಕಳ್ಳಿ

ಕಳ್ಳಿ. ಮುಳ್ಳಿನ ಗಿಡವೂ ಹೌದು, ಕದ್ದವಳೂ ಹೌದು. ಈ ಪದ ಸಿಕ್ಕ ದಿನ ನನಗೆ ಹೊಟ್ಟೆ ತುಂಬಾ ಊಟ ಸೇರಿತ್ತು.

ಅವಳು ಎಂದರೆ ನನ್ನ ಒಡಹುಟ್ಟಿದವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಕರೆಯಲು ಎರಡಕ್ಷರದ ಪದವೊಂದಿದೆ. ಅದನ್ನು ಬರೆಯಲು ಕೈ ಬರುತ್ತಿಲ್ಲ. ಚಿಕ್ಕಂದಿನಿಂದ ಹಾಡು ಕಟ್ಟುತ್ತಿದ್ದವಳು ನಾನು. ಇಬ್ಬರೂ ಹಾಡುತ್ತಿದ್ದೆವು, ಅವಳ ದನಿ ನನ್ನದಕ್ಕಿಂತ ಎತ್ತರ. ಮೂರು ವರ್ಷದ ಹಿಂದೆ ನನಗೆ ಥೈರಾಯ್ಡ್ ಆಪರೇಷನ್ ಆಯಿತು. ಗಂಟಲಿಗೆ ಬ್ಯಾಂಡೇಜು ಸುತ್ತಿಕೊಂಡು ಮನೆಯಲ್ಲಿ ಮಲಗಿದ್ದಾಗ ಟೀವಿಯಲ್ಲಿ ಅವಳು ಬಂದಳು. ನಾನು ಕಟ್ಟಿದ ಹಾಡನ್ನು, ರಾಗವನ್ನೂ ಸೇರಿಸಿ, ಮೊದಲಿನಿಂದ ಕೊನೆಯವರೆಗೆ ಹಾಡಿದಳು. ಬರೆದವರು ಯಾರು ಎಂದು ನಿರೂಪಕರು ಕೇಳಿದರು. "ಒಂದು ಸಂಜೆ ಕಿಟಕಿ ಹತ್ತಿರ ಕೂತಿದ್ದೆ, ತಾನಾಗೇ ಬಂತು" ಎಂದಳು. ಕೂಗೋಣವೆಂದರೆ ನನಗೆ ದನಿಯೇ ಇರಲಿಲ್ಲ. ಕೈಯಲ್ಲಿದ್ದ ಚಮಚವನ್ನು ಟೀವಿಗೆ ಎಸೆದೆ. ಅದೂ ಸೋಫಾದ ಮೇಲೆ ಬಿತ್ತು.

ಆ ಒಂದು ಹಾಡಿನಿಂದ ಅವಳು ಮೇಲೆ ಹೋದಳು. ಪೇಪರಿನವರು ಅವಳನ್ನು ಕೋಗಿಲೆ ಅನ್ನುತ್ತಾರೆ. ಸರಿಯಾಗಿಯೇ ಇದೆ. ಕೋಗಿಲೆ ತನ್ನ ಗೂಡು ತಾನು ಕಟ್ಟುವುದಿಲ್ಲ.

ಏಪ್ರಿಲ್ ಕೊನೆಗೆ ದೊಡ್ಡ ಸಭಾಂಗಣದಲ್ಲಿ ಅವಳ ಕಾರ್ಯಕ್ರಮ. ಬೀದಿ ಬೀದಿಯಲ್ಲಿ ಮುಖ ಅಂಟಿಸಿದ್ದಾರೆ. ಅದೇ ದಿನ ಬೆಳಿಗ್ಗೆ ನನ್ನ ಹಾಡು ಹೊರಗೆ ಬರಬೇಕು. ಜನ ಅದನ್ನು ಕೇಳಿಕೊಂಡೇ ಅವಳ ಎದುರು ಹೋಗಿ ಕೂರಬೇಕು.

ಫೆಬ್ರವರಿ ೪, ಮಂಗಳವಾರ

ಈ ಸಲ ಕಳೆದ ಸಲದ ಹಾಗೆ ಆಗಬಾರದು. ಬೆಳಿಗ್ಗೆ ಎದ್ದವಳೇ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಫೋನಿನಲ್ಲಿ ಹಾಡನ್ನು ರೆಕಾರ್ಡ್ ಮಾಡಿದೆ. ದನಿ ಮೇಲಿನ ಸ್ವರದಲ್ಲಿ ಒಡೆಯಿತು. ಆದರೂ ರಾಗ ಇದೆ, ಮಾತು ಇದೆ. ಆಮೇಲೆ ಸಾಹಿತ್ಯವನ್ನು ಶುದ್ಧವಾಗಿ ಟೈಪ್ ಮಾಡಿ, ಹೆಸರು, ತಾರೀಖು ಹಾಕಿದೆ. ಹಳೆಯ ಹಾಡಿಗೆ ಇದ್ದದ್ದು ಒಂದು ಹಾಳೆ ಮಾತ್ರ. ಅದೂ ಅವಳ ಕೈಯಲ್ಲೇ ಉಳಿಯಿತು.

ಬಚ್ಚಲಿನಿಂದ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಚೆನ್ನಾಗಿದೆ, ಯಾರ ಮೇಲೆ ಎಂದಳು. ಯಾರ ಮೇಲೂ ಇಲ್ಲ ಎಂದೆ. ಅಮ್ಮ ನಿಟ್ಟುಸಿರು ಬಿಟ್ಟು, ನೀವಿಬ್ಬರೂ ನನಗೆ ಎರಡು ಕಣ್ಣು ಎಂಬ ಹಳೆಯ ಮಾತನ್ನೇ ಆಡಿದಳು. ದಿನಾ ಕಣ್ಣು ನೋಡುವವಳು ನಾನು. ಎರಡು ಕಣ್ಣಿಗೂ ಒಂದೇ ನಂಬರ್ ಇರುವುದು ಅಪರೂಪ ಎಂದು ಅವಳಿಗೆ ಹೇಳಲಿಲ್ಲ.

ಫೆಬ್ರವರಿ ೧೩, ಗುರುವಾರ

ಹಾಡು ಮುಗಿದ ಮೇಲೆ ಒಂದಷ್ಟು ದಿನ ಅದನ್ನು ಮುಟ್ಟಬಾರದು, ಕಿವಿ ತಣ್ಣಗಾದ ಮೇಲೆ ಮತ್ತೆ ಕೇಳಬೇಕು ಎನ್ನುತ್ತಾರೆ. ಪ್ರಯತ್ನಿಸಿದೆ. ಕಿವಿ ತಣ್ಣಗಾಯಿತು, ಹೊಟ್ಟೆ ತಣ್ಣಗಾಗಲಿಲ್ಲ.

ಇವತ್ತು ಅರ್ಧ ದಿನ ರಜೆ ಹಾಕಿ ಹಕ್ಕುಸ್ವಾಮ್ಯದ ಕಚೇರಿಗೆ ಹೋಗಿ ಹಾಡನ್ನು ನೋಂದಾಯಿಸಿದೆ. ಗುಮಾಸ್ತೆ ಸಾಹಿತ್ಯ ಯಾರದು, ರಾಗ ಯಾರದು, ಬೇರೆ ಪಾಲುದಾರರು ಇದ್ದಾರೆಯೇ ಎಂದು ಕೇಳಿದಳು. 'ಯಾರೂ ಇಲ್ಲ' ಎಂದು ಎಷ್ಟು ಒತ್ತಿ ಬರೆದೆನೆಂದರೆ ಕಾಗದ ಹರಿಯಿತು. ಇನ್ನೊಂದು ಕೊಟ್ಟಳು. ಮನೆಯವರ ಜಗಳವಾ ಎಂದು ಮೆಲ್ಲಗೆ ಕೇಳಿದಳು. ಆ ಕುರ್ಚಿಯಲ್ಲಿ ಕೂತವಳಿಗೆ ಎಲ್ಲ ಗೊತ್ತಾಗುತ್ತದೆ ಅಂತ ಕಾಣುತ್ತದೆ.

ಫೆಬ್ರವರಿ ೨೨, ಶನಿವಾರ

ಟೋಪಿಯ ಸ್ಟುಡಿಯೋಗೆ ಹೋಗಿದ್ದೆ. ಬೋಳುತಲೆ ಮುಚ್ಚಲು ಯಾವಾಗಲೂ ಉಣ್ಣೆಯ ಟೋಪಿ ಹಾಕಿಕೊಂಡಿರುತ್ತಾನೆ, ಹಾಗಾಗಿ ಎಲ್ಲರಿಗೂ ಟೋಪಿ. ಟೈರ್ ಅಂಗಡಿಯ ಮೇಲಿನ ಮಹಡಿ. ಗೋಡೆಗೆ ಹಳೆಯ ಹಾಸಿಗೆ ಹೊಡೆದಿದ್ದಾನೆ. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ರೆಕಾರ್ಡಿಂಗ್ ನಿಲ್ಲುತ್ತದೆ.

ಒಳಗೆ ಹೋಗುತ್ತಲೇ, ನಾನು ಒಮ್ಮೆ ಮೋಸಹೋದವಳು, ಮೊದಲೇ ಹೇಳಿದ್ದೇನೆ ಎಂದೆ.

"ಹೆದರ್ಬೇಡಿ ಮೇಡಂ. ನಾನು ಟೋಪಿ ಹಾಕ್ಕೊಳ್ಳೋನು, ಹಾಕೋನಲ್ಲ" ಎಂದ. ವಾದ್ಯದ ಮುಂದೆ ಕೂರುವ ಮೊದಲೇ ಒಂದು ಹಾಳೆ ತೆಗೆದು, ಸಾಹಿತ್ಯ ಮತ್ತು ರಾಗ ನನ್ನದು, ವಾದ್ಯ ಮಾತ್ರ ಅವನದು ಎಂದು ಬರೆದು ಸಹಿ ಹಾಕಿ ನನ್ನ ಕಡೆ ತಳ್ಳಿದ. "ಮೊದಲು ಇದು. ಸ್ನೇಹ ಆಮೇಲೆ."

ಆ ಕ್ಷಣ ನನಗೆ ಅಳು ಬಂದಂತಾಯಿತು. ಆಗಿನ ಕಾಲದಲ್ಲಿ ನನಗೂ ಅವಳಿಗೂ ನಡುವೆ ಇಂಥದೊಂದು ಹಾಳೆ ಬೇಕು ಎಂದು ಯಾರಿಗೆ ಹೊಳೆಯುತ್ತಿತ್ತು?

ಹಾಡು ಕೇಳಿದ. ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ ಕೇಳಿದ. ಮೊದಲ ಪ್ರಶ್ನೆ, "ಈ ಕಳ್ಳಿ ಗಿಡಾನಾ, ಹೆಂಗಸಾ?" ಎರಡೂ ಎಂದೆ. ತಲೆಯಾಡಿಸಿದ. ಆಮೇಲೆ ಕೇಳಿದ್ದು ಬೇರೆ.

"ಹಾಡೋರು ಯಾರು?"

"ನಾನೇ."

"ಇದು ನಿಮ್ಮ ಅಳತೆಗೆ ಹೊಲಿದ ಅಂಗಿ ಅಲ್ಲ ಮೇಡಂ. ಮೇಲಿನ ಸ್ವರ ಎಲ್ಲ ನಿಮಗೆ ಸಿಗದ ಜಾಗದಲ್ಲಿ ಇಟ್ಟಿದ್ದೀರಿ. ಉಸಿರು ತಗೊಳ್ಳೋ ಜಾಗಾನೂ ನಿಮ್ಮದಲ್ಲ. ಯಾರೋ ಒಬ್ಬರನ್ನ ಮನಸ್ಸಲ್ಲಿ ಇಟ್ಕೊಂಡು ಕಟ್ಟಿದ್ದೀರಿ. ಯಾರದು ಆ ಕೊರಳು?"

ಕೆಳಗೆ ಗಾಳಿಯಂತ್ರ ಶುರುವಾಯಿತು. ಉತ್ತರ ಹೇಳುವುದು ತಪ್ಪಿತು.

ಫೆಬ್ರವರಿ ೨೩, ಭಾನುವಾರ

ನನ್ನ ಸಿಟ್ಟನ್ನು ಕೂಡ ಅವಳ ಶ್ರುತಿಯಲ್ಲೇ ಕಟ್ಟಿದ್ದೇನೆ. ಬೈಯುವುದಕ್ಕೂ ಅವಳ ಗಂಟಲೇ ಬೇಕು.

ಇದಕ್ಕಿಂತ ಬೇರೆ ಅವಮಾನ ಇದೆಯೇ?

ಮಾರ್ಚ್ ೮, ಶನಿವಾರ

ಶ್ರುತಿ ಇಳಿಸಿದೆವು. ಇನ್ನೂ ಇಳಿಸಿದೆವು. ಟೋಪಿ ಒಂದೊಂದೇ ಮೆಟ್ಟಿಲು ಕೆಳಗೆ ಕರೆದುಕೊಂಡು ಹೋಗಿ, ಎಲ್ಲಿ ನನ್ನ ದನಿ ಒಡೆಯದೆ ನಿಂತಿತೋ ಅಲ್ಲಿ ನಿಲ್ಲಿಸಿದ. ಆಪರೇಷನ್ ಆದಮೇಲೆ ನನ್ನ ದನಿ ಹಳೆಯ ಬಾಗಿಲಿನ ಹಾಗಾಗಿದೆ ಎಂದು ತಿಳಿದಿದ್ದೆ. ಕೆಳಗಿನ ಶ್ರುತಿಯಲ್ಲಿ ಹಾಗೆ ಕೇಳಿಸುವುದಿಲ್ಲ. ಅಲ್ಲಿ ಅದಕ್ಕೆ ಒಂದು ತೂಕ ಇದೆ. ಬೈದರೆ ನಾಟುವಂಥ ತೂಕ.

ಒಂದೇ ತೊಂದರೆ. 'ಕಳ್ಳಿ'ಯ ಮೇಲೆ ಸ್ವರ ನಿಲ್ಲುವುದಿಲ್ಲ. ಅಲ್ಲಿ ರಾಗ ಉದ್ದಕ್ಕೆ ಎಳೆಯಬೇಕು. 'ಳ್ಳ' ಬಂದಾಗ ನಾಲಿಗೆ ಮಡಚಿಕೊಂಡು ಗಂಟಲು ಮುಚ್ಚುತ್ತದೆ. ಎಷ್ಟು ಸಲ ಹಾಡಿದರೂ ಕತ್ತು ಹಿಸುಕಿದ ಹಾಗೆ. ಟೋಪಿ ಪದ ಬದಲಾಯಿಸಿ ಎಂದ. ಆ ಪದಕ್ಕಾಗಿಯೇ ಈ ಹಾಡು ಹುಟ್ಟಿದ್ದು ಎಂದು ಕೂಗಾಡಿದೆ. ಅವನು ಟೀ ತರಲು ಕೆಳಗೆ ಹೋದ. ಅವನು ಬರುವಷ್ಟರಲ್ಲಿ ಬದಲಾಯಿಸಿದ್ದೆ.

ನೀರು ಎರೆದದ್ದು ನನ್ನ ಬಳ್ಳಿಗೆ
ಹೂವು ಬಾಗಿದ್ದು ನಿನ್ನ ಕಡೆಗೆ

ಬಾಯಿ ತೆರೆದು ಎಷ್ಟು ಬೇಕಾದರೂ ಎಳೆಯಬಹುದು. ಸ್ವರದ ಅನುಕೂಲಕ್ಕೆ ಮಾಡಿದ್ದು, ಅಷ್ಟೇ. ಅರ್ಥದಲ್ಲಿ ನಾನು ಒಂದು ಕೂದಲೆಳೆಯಷ್ಟೂ ಹಿಂದೆ ಸರಿದಿಲ್ಲ.

ಮಾರ್ಚ್ ೧೫, ಶನಿವಾರ

ಟೋಪಿ ಮಾಡಿಕೊಟ್ಟ ಕಚ್ಚಾ ರೆಕಾರ್ಡಿಂಗಿನ ಸೀಡಿಯನ್ನು ಮನೆಯಲ್ಲಿ ಬಿಟ್ಟು ಅಂಗಡಿಗೆ ಹೋಗಿದ್ದೆ. ಅಮ್ಮ ಅದನ್ನು ಹಾಕಿ, ಫೋನನ್ನು ಸ್ಪೀಕರಿನ ಮುಂದೆ ಹಿಡಿದು ಅವಳಿಗೆ ಪೂರ್ತಿ ಕೇಳಿಸಿದ್ದಾಳೆ. ಸಂಜೆ ತಾನಾಗಿಯೇ ಹೇಳಿದಳು, ಹೂವು ಕೊಟ್ಟವಳ ಹಾಗೆ ಮುಖ ಮಾಡಿಕೊಂಡು.

ಹೊರಗೆ ಬರುವ ಮೊದಲೇ ಶತ್ರುವಿನ ಕೈಗೆ ಕೊಟ್ಟೆಯಲ್ಲ ಎಂದೆ. ಶತ್ರು ಯಾರೇ, ನಾನು ಹೆತ್ತವಳು ಎಂದಳು. ಏನಂದಳು ಅವಳು ಎಂದು ಕೇಳಬಾರದೆಂದಿದ್ದೆ. ಕೇಳಿದೆ.

"ಏನೂ ಅನ್ನಲಿಲ್ಲ ಕಣೇ. ಹಾಡು ಮುಗಿದ ಮೇಲೂ ಸುಮಾರು ಹೊತ್ತು ಫೋನ್ ಇಡಲಿಲ್ಲ. ನಾನೇ ಇಟ್ಟೆ."

ಮಾರ್ಚ್ ೧೯, ಬುಧವಾರ

ಅಮ್ಮನ ಜೊತೆ ಮಾತು ಬಿಟ್ಟಿದ್ದೇನೆ. ಅವಳಿಗೆ ಗೊತ್ತಾದ ಹಾಗಿಲ್ಲ.

ಮಾರ್ಚ್ ೨೨, ಶನಿವಾರ

ಅವಳು ಇವತ್ತು ಅಂಗಡಿಗೆ ಬಂದಳು.

ಅಂಗಡಿಯ ಯಜಮಾನರು ಊಟಕ್ಕೆ ಹೋಗಿದ್ದರು. ಗಿರಾಕಿಗಳು ಯಾರೂ ಇರಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಬಂದು, "ಇಲ್ಲಿ ಕಣ್ಣು ನೋಡ್ತಾರಲ್ಲ?" ಎಂದಳು. ನಾನು, "ಕೂತ್ಕೋ, ಸರದಿ ಬಂದಾಗ ಕರೀತೀನಿ" ಎಂದು ಒಳಗೆ ಹೋಗಿ, ಖಾಲಿ ಅಂಗಡಿಯಲ್ಲಿ ಅವಳನ್ನು ಸಾಕಷ್ಟು ಹೊತ್ತು ಕಾಯಿಸಿದೆ. ಗೋಡೆಯ ಮೇಲಿನ ಕನ್ನಡಕದ ಚೌಕಟ್ಟುಗಳನ್ನು ನೋಡುತ್ತಾ ಕೂತಿದ್ದಳು. ಕರೆದಾಗ ಎದ್ದು ಬಂದಳು, ಶಾಲೆಯ ಹುಡುಗಿಯ ಹಾಗೆ.

ಪರೀಕ್ಷೆಯ ಕೋಣೆ ಕತ್ತಲೆ. ಭಾರದ ಪರೀಕ್ಷಾ ಚೌಕಟ್ಟನ್ನು ಅವಳ ಮೂಗಿನ ಮೇಲೆ ಕೂರಿಸಿದೆ. ದೂರದ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಸರಾಗವಾಗಿ ಓದಿದಳು. ಹತ್ತಿರದ್ದೇ ತೊಂದರೆ. ನಲವತ್ತಕ್ಕೆ ಬರುವ ಚಾಳೀಸು ಯಾರನ್ನೂ ಬಿಡುವುದಿಲ್ಲ, ಕೋಗಿಲೆಯನ್ನೂ. ಹತ್ತಿರದ ಓದಿಗೆ ಒಂದು ಕಾರ್ಡು ಕೊಡುತ್ತೇವೆ. ನಾನು ಕಾರ್ಡು ಕೊಡಲಿಲ್ಲ. ನನ್ನ ಚೀಲದಿಂದ ಹಾಡಿನ ಹಾಳೆ ತೆಗೆದು ಕೈಗೆ ಕೊಟ್ಟು, ದೀಪ ಅದರ ಮೇಲೆ ತಿರುಗಿಸಿ, ಗಟ್ಟಿಯಾಗಿ ಓದು ಎಂದೆ. ಬೇಕೆಂದೇ ಹಳೆಯ ಪ್ರತಿ ಕೊಟ್ಟೆ. ಕಳ್ಳಿ ಇದ್ದ ಪ್ರತಿ.

ಮೂರು ವರ್ಷ ಕಾದದ್ದು ಇದಕ್ಕೇ. ಇಂಥ ಒಳ್ಳೆಯ ಅವಕಾಶವನ್ನು ಕೇಳಿದರೂ ದೇವರು ಕೊಡುವುದಿಲ್ಲ.

ಪಲ್ಲವಿ ಓದಿದಳು. ನಾನು ಗಾಜು ಬದಲಿಸಿದೆ. "ಸ್ಪಷ್ಟ ಆಯ್ತಾ?"

"ಮೊದಲಿಗಿಂತ."

ಇನ್ನೊಂದು ಹಾಕಿದೆ. "ಈಗ?"

"ಈಗ ಚುಚ್ಚೋ ಹಾಗೆ ಕಾಣ್ತಿದೆ."

"ಅದೇ ಸರಿಯಾದ ನಂಬರ್. ಮುಂದೆ ಓದು."

ಎರಡನೇ ಚರಣ ಓದಿದಳು. ಕಳ್ಳಿ ಎಂಬಲ್ಲಿ ತಡವರಿಸಲಿಲ್ಲ. ಓದಿ ಮುಗಿಸಿ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಹೇಳಿದಳು, "ಅಮ್ಮ ಕೇಳಿಸಿದ್ದರಲ್ಲಿ ಈ ಸಾಲು ಬೇರೆ ಇತ್ತು. ಹೂವು ಬಾಗಿದ್ದು ನಿನ್ನ ಕಡೆಗೆ ಅಂತ."

"ಅದು ಬರೀ ಸ್ವರಕ್ಕೋಸ್ಕರ ಬದಲಾಯಿಸಿದ್ದು."

"ಗೊತ್ತು" ಎಂದಳು.

ಅವಳು 'ಗೊತ್ತು' ಎಂದ ರೀತಿಗೆ ನನಗೆ ಮೈಯೆಲ್ಲ ಉರಿಯಿತು. ಹಳೆಯದನ್ನೆಲ್ಲ ಎತ್ತಿದೆ. ಅವಳೂ ಸುಮ್ಮನಿರಲಿಲ್ಲ. ಆಪರೇಷನ್ನಿನ ಹಿಂದಿನ ದಿನ ಆ ಹಾಳೆಯನ್ನು ನಾನೇ ಅವಳ ಮುಂದೆ ಎಸೆದೆನಂತೆ. ಇನ್ನು ನನಗೆ ಏನಕ್ಕೆ, ನೀನೇ ಹಾಡ್ಕೋ ಎಂದೆನಂತೆ.

"ಹಾಡ್ಕೋ ಅಂದದ್ದು ಹೌದು" ಎಂದೆ. "ನಿನ್ನದು ಅನ್ಕೋ ಅಂದಿರಲಿಲ್ಲ."

ಆ ದೊಡ್ಡ ಚೌಕಟ್ಟಿನ ಹಿಂದೆ ಅವಳ ಕಣ್ಣು ಎರಡೂ ಗೂಬೆಯ ಕಣ್ಣಿನಷ್ಟು ಕಾಣುತ್ತಿದ್ದವು. ಒದ್ದೆಯಾದವೋ ಅಥವಾ ಗಾಜೋ, ಗೊತ್ತಾಗಲಿಲ್ಲ.

"ಟೀವಿಯವರು ಕೇಳಿದಾಗ ನಿನ್ನ ಹೆಸರು ಬಾಯಲ್ಲೇ ಇತ್ತು ಕಣೇ. ಎದುರಿಗೆ ದೀಪ, ಜನ. ಬಂದದ್ದು ಬೇರೆ ಮಾತು. ಒಂದು ಸಲ ಹೇಳಿದ ಮೇಲೆ, ಎರಡನೇ ಸಲ ಹೇಳೋದು ಸುಲಭ ಆಗ್ಬಿಡುತ್ತೆ. ಮೂರನೇ ಸಲ ನನಗೇ ನಿಜ ಅನ್ನಿಸ್ತು."

ನಾನು ಗಾಜುಗಳನ್ನು ಒಂದೊಂದಾಗಿ ತೆಗೆದು ಪೆಟ್ಟಿಗೆಯಲ್ಲಿಟ್ಟೆ. ಈ ಹಾಡನ್ನು ತಾನು ಹಾಡಬಹುದೇ ಎಂದು ಅವಳು ಕೇಳಿದಳು, ನನ್ನ ಹೆಸರು ಹೇಳಿಯೇ ಹಾಡುತ್ತಾಳಂತೆ. ಕೇಳುವುದಕ್ಕೆ ಧೈರ್ಯ ಬೇಕು. ನನಗೆ ನಗು ಬಂತು. ಇಲ್ಲ ಎಂದೆ. ನನ್ನ ಹಾಡು ನನ್ನ ಶ್ರುತಿಗೆ ಇಳಿದಾಗಿದೆ, ಇನ್ನು ಅದು ನಿನ್ನ ಕೊರಳಿಗೆ ಹಿಡಿಸುವುದಿಲ್ಲ ಎಂದೆ.

"ಹಾಗಾದರೆ ನಾನು ಏನು ಮಾಡ್ಲಿ ಹೇಳು."

"ಹಳೇ ಹಾಡು ಯಾರದು ಅಂತ ಹೇಳು. ನನ್ನ ಹತ್ತಿರ ಅಲ್ಲ, ಅಮ್ಮನ ಹತ್ತಿರ ಅಲ್ಲ. ನಿನ್ನ ಸಭೆಯಲ್ಲಿ, ನಿನ್ನ ಜನರ ಮುಂದೆ. ಸಕ್ಕರೆ ಹಚ್ಚಬೇಡ."

ಅವಳ ಮುಖ ಬಿಳಿಚಿಕೊಂಡಿತು. ನೋಡಿ ಸಂತೋಷಪಟ್ಟೆ. ಸುಳ್ಳು ಯಾಕೆ ಬರೆಯಲಿ.

ಕನ್ನಡಕಕ್ಕೆ ಚೌಕಟ್ಟು ಬೇಕಿತ್ತು. ಅವಳಿಗೆ ಒಪ್ಪಲೇಬಾರದು ಎಂದು ಅಂಗಡಿಯಲ್ಲಿ ಎರಡು ವರ್ಷದಿಂದ ಯಾರೂ ಮುಟ್ಟದ ಕಂದು ಬಣ್ಣದ ದಪ್ಪ ಚೌಕಟ್ಟನ್ನು ತೆಗೆದುಕೊಟ್ಟೆ. ಹಾಕಿಕೊಂಡಳು. ಅದೂ ಒಪ್ಪಿತು. ಹಾಳಾದ ಮುಖ.

ಏಪ್ರಿಲ್ ೫, ಶನಿವಾರ

ಟೋಪಿ ಹೇಳಿದ: ಈ ಹಾಡಿನ ಹಿನ್ನೆಲೆ ಏನೇನೂ ಗೊತ್ತಿಲ್ಲದವರಿಗೆ ಒಮ್ಮೆ ಕೇಳಿಸಿ, ಅವರು ಎಲ್ಲಿ ಬೇಸರಪಟ್ಟು ಅತ್ತಿತ್ತ ನೋಡುತ್ತಾರೋ ಗಮನಿಸಿ. ಅಂಗಡಿಯ ಯಜಮಾನರನ್ನು ಹಿಡಿದು ಕೂರಿಸಿದೆ. ಅವರಿಗೆ ಸಂಗೀತವೆಂದರೆ ಬಸ್ಸಿನಲ್ಲಿ ಬರುವುದು. ಪಲ್ಲವಿ ಮುಗಿದು ಮೊದಲ ಚರಣದ ನಡುವೆ ಗಡಿಯಾರ ನೋಡಿದರು. ಅಲ್ಲಿ ಎರಡು ಸಾಲು ಕತ್ತರಿಸಬೇಕು. ಅವೇ ಬಲು ಖಾರದ ಸಾಲುಗಳು, ಆದರೆ ಅಲ್ಲಿ ರಾಗ ಕುಂಟುತ್ತದೆ, ಅವರು ಗಡಿಯಾರ ನೋಡಿದ್ದು ಸರಿ.

ಮುಗಿದ ಮೇಲೆ ಏನನ್ನಿಸಿತು ಎಂದು ಕೇಳಿದೆ. ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು, "ತುಂಬಾ ಬೇಕಾದವರು ಯಾರೋ ದೂರ ಹೋಗಿರಬೇಕು ಪಾಪ" ಎಂದರು.

ಬೇಕಾದವರು! ಇಂಥ ಕಿವಿ ಇಟ್ಟುಕೊಂಡು ಹೇಗೆ ವ್ಯಾಪಾರ ಮಾಡುತ್ತಾರೋ.

ಅಕ್ಕನ ಕನ್ನಡಕ ತಯಾರಾಗಿದೆ. ಬಲಗಡೆಯ ಕಡ್ಡಿ ಕಿವಿಗೆ ಒತ್ತುತ್ತದೇನೋ, ಬಿಸಿ ಮಾಡಿ ಸ್ವಲ್ಪ ಬಾಗಿಸಿ ಇಟ್ಟೆ. ಎಲ್ಲ ಗಿರಾಕಿಗಳಿಗೂ ಮಾಡುತ್ತೇನೆ.

ಏಪ್ರಿಲ್ ೧೩, ಭಾನುವಾರ

ಕಾರ್ಯಕ್ರಮದ ಎರಡು ಟಿಕೆಟ್ ಬಂತು, ಮೊದಲ ಸಾಲಿನದು. ಚೀಟಿ ಇಲ್ಲ, ಮಾತಿಲ್ಲ. ಅಮ್ಮ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಾಳೆ. ನಾನೂ ಹೋಗುತ್ತೇನೆ. ಮೊದಲ ಸಾಲಿನಲ್ಲೇ ಕೂರುತ್ತೇನೆ. ಅವಳು ಹೇಳದೆ ಹೋದರೆ ಅಲ್ಲೇ ಎದ್ದು ನಿಲ್ಲುತ್ತೇನೆ. ಹೇಳಿದರೆ, ಹೇಳುವಾಗ ಅವಳ ಮುಖ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡುತ್ತೇನೆ. ಹಾಡನ್ನು ಅದೇ ಬೆಳಿಗ್ಗೆ ಹೊರಗೆ ಬಿಡುವ ಯೋಚನೆ ಮಾತ್ರ ಕೈಬಿಟ್ಟೆ. ದನಿ ಇನ್ನೂ ಸರಿಯಾಗಿ ಕೂತಿಲ್ಲ. ಅರೆಬೆಂದದ್ದನ್ನು ಬಡಿಸಿದರೆ ನಗುವವಳು ಅವಳೇ.

ಏಪ್ರಿಲ್ ೨೬, ಶನಿವಾರ

ಕೆಳಗಿನ ಟೈರ್ ಅಂಗಡಿ ಶನಿವಾರ ಮಧ್ಯಾಹ್ನ ಬಾಗಿಲು ಹಾಕುತ್ತದೆ. ಗಾಳಿಯಂತ್ರದ ಕಾಟವಿಲ್ಲ. ಹಾಡುವುದಕ್ಕೆ ಅದೇ ಸಮಯ. ಊಟ ಮಾಡಿ ಹೋದೆ. ಸಂಜೆ ಅಲ್ಲಿಂದಲೇ ನೇರ ಸಭಾಂಗಣಕ್ಕೆ ಎಂದು ಒಳ್ಳೆಯ ಸೀರೆ ಉಟ್ಟೇ ಹೋಗಿದ್ದೆ.

'ನಿನ್ನ ಕಡೆಗೆ' ಎಂಬಲ್ಲಿ 'ಗೆ' ಸರಿಹೋಗುತ್ತಿರಲಿಲ್ಲ. ಬಾಯಿ ಅಗಲಿಸಿದರೆ ದೂರಿನ ಹಾಗೆ ಕೇಳಿಸುತ್ತದೆ, ಕಿರಿದು ಮಾಡಿದರೆ ಬೇಡಿದ ಹಾಗೆ. ನನಗೆ ಎರಡೂ ಬೇಡ. ಕಂಡದ್ದನ್ನು ಕಂಡ ಹಾಗೆ ಹೇಳಬೇಕು, ಅಷ್ಟೇ. ಹೂವು ಆ ಕಡೆ ಬಾಗಿತು, ಹೌದು, ಬಾಗಿತು. ಟೋಪಿ ಮೈಕನ್ನು ಒಂದು ಗೇಣು ಹಿಂದೆ ಸರಿಸಿದ. ಸೀರೆಯ ಸರಬರ ಕೇಳಿಸುತ್ತಿದೆ ಎಂದ. ನೆರಿಗೆ ಎತ್ತಿ ಹಿಡಿದುಕೊಂಡು ಹಾಡಿದೆ. ನಿಂತು ಹಾಡಿದೆ, ಕೂತು ಹಾಡಿದೆ. ಕೊನೆಗೆ ಅವನು ಒಂದು ಮಾತು ಹೇಳಿದ: ಉಸಿರನ್ನು 'ನಿನ್ನ' ಎಂಬುದಕ್ಕೆ ಮೊದಲು ತಗೊಳ್ಳಬೇಡಿ, 'ಬಾಗಿದ್ದು' ಎಂಬುದಕ್ಕೂ ಮೊದಲೇ ತಗೊಂಡುಬಿಡಿ. ಆಗ ಸಾಲು ಒಡೆಯದೆ ಒಂದೇ ನೂಲಿನ ಹಾಗೆ ಬಂತು, 'ಗೆ' ತಾನಾಗಿ ನೆಲಕ್ಕೆ ಇಳಿಯಿತು. ಇನ್ನೊಂದು ಸಲ ಹಾಡುತ್ತೇನೆ ಎಂದೆ, ಯಾವುದಕ್ಕೂ ಇರಲಿ ಎಂದು.

ಆ ಹೊತ್ತಿಗೆ ಅಮ್ಮನ ಫೋನ್ ಬಂತು. ಕಾರ್ಯಕ್ರಮ ಅರ್ಧ ಮುಗಿದಿತ್ತು. ಕಿಟಕಿಯ ಹೊರಗೆ ಬೀದಿದೀಪ ಹತ್ತಿದ್ದನ್ನು ಆಗಲೇ ನೋಡಿದ್ದು.

"ಹೇಳಿದಳು ಕಣೇ" ಎಂದಳು ಅಮ್ಮ. ಹಿಂದೆ ಗದ್ದಲ. "ಆ ಹಳೇ ಹಾಡು ಹಾಡೋಕೆ ಮುಂಚೆ ಹೇಳಿದಳು. ಇದು ನಾನು ಬರೆದದ್ದಲ್ಲ, ನನ್ನ ತಂಗಿ ಬರೆದದ್ದು, ಮೂರು ವರ್ಷದಿಂದ ಸುಳ್ಳು ಹೇಳ್ತಾ ಬಂದಿದ್ದೀನಿ ಅಂತ. ನಿನ್ನ ಖಾಲಿ ಕುರ್ಚಿ ನೋಡ್ಕೊಂಡೇ ಹೇಳಿದಳು. ಎಲ್ಲಿದೀಯೇ ನೀನು?"

ಜನ ಏನು ಮಾಡಿದರು ಎಂದು ಕೇಳಿದೆ.

"ಮೊದಲು ಒಬ್ಬರ ಮುಖ ಒಬ್ಬರು ನೋಡ್ಕೊಂಡರು. ಆಮೇಲೆ ಚಪ್ಪಾಳೆ ಹೊಡೆದರು."

ಕದ್ದಾಗಲೂ ಚಪ್ಪಾಳೆ, ಒಪ್ಪಿಕೊಂಡಾಗಲೂ ಚಪ್ಪಾಳೆ. ಆಮೇಲೆ ಮಾಡುತ್ತೇನೆ ಎಂದು ಫೋನ್ ಇಟ್ಟು, ಅದೇ ಸಿಟ್ಟಿನಲ್ಲಿ ಇನ್ನೊಮ್ಮೆ ಹಾಡಿದೆ. ಟೋಪಿ ಎರಡನ್ನೂ ಹಾಕಿ ಕೇಳಿಸಿದ. ಮೊದಲಿನದೇ ಚೆನ್ನಾಗಿತ್ತು.

ಏಪ್ರಿಲ್ ೨೮, ಸೋಮವಾರ

ಪೇಪರಿನಲ್ಲಿ: 'ಕೋಗಿಲೆಯ ದೊಡ್ಡ ಮನಸ್ಸು'. ಅರ್ಧ ಪುಟ, ಅವಳ ಫೋಟೋ. ನಾನು ಕೊನೆಯ ಪ್ಯಾರಾದಲ್ಲಿ 'ಸಹೋದರಿ' ಎಂದು ಒಂದು ಪದವಾಗಿ ಇದ್ದೇನೆ.

ಅಂಗಡಿಗೆ ಇಬ್ಬರು ಬಂದು ನೀವೇನಾ ಎಂದು ಕೇಳಿದರು. ಹೌದು, ನಿಮ್ಮ ಕಣ್ಣಿಗೆ ಏನಾಗಿದೆ ಎಂದೆ. ಕೆಲಸ ಬೆಟ್ಟದಷ್ಟು ಬಿದ್ದಿತ್ತು.

ಮೇ ೪, ಭಾನುವಾರ

ಹಾಡು ಇಂಟರ್ನೆಟ್ಟಿನಲ್ಲಿ ಹೊರಗೆ ಹೋಯಿತು. ಟೋಪಿಯ ಕಂಪ್ಯೂಟರಿನಲ್ಲಿ ಒಂದೊಂದೇ ಖಾನೆ ತುಂಬಿದೆವು. ಹೆಸರಿನ ಒಂದಕ್ಷರ ತಪ್ಪಿದರೂ ಆಮೇಲೆ ಹಾಡು ಯಾರದೋ ಪಾಲಾಗುತ್ತದೆ ಎಂದು ಹೆದರಿಸಿದ. ಸಾಹಿತ್ಯ, ರಾಗ, ಗಾಯನ ಎಂಬ ಮೂರು ಖಾನೆಗಳಲ್ಲೂ ನನ್ನ ಹೆಸರನ್ನೇ ಟೈಪ್ ಮಾಡಿದೆ. ಮೂರನೆಯದನ್ನು ಎರಡು ಸಲ ಓದಿ ನೋಡಿದೆ.

ರೇಡಿಯೋದವರಿಗೆ ಕಳಿಸಲು ಒಂದು ಪರಿಚಯ ಬರೆದಿದ್ದೆ, ಎರಡು ಪುಟ. ಆಪರೇಷನ್, ಟೀವಿ, ಕಿಟಕಿ, ಚಮಚ, ಎಲ್ಲ ಇತ್ತು. ಟೋಪಿ ಓದಿ ಹೇಳಿದ, "ಅವರಿಗೆ ಹಾಡು ಕೇಳಿಸ್ಬೇಕು ಮೇಡಂ, ಸಂಸಾರದ ಕಥೆ ಅಲ್ಲ." ಮೂರು ಸಾಲಿಗೆ ಇಳಿಸಿದೆ. ನಾನು ಯಾರು, ಹಾಡು ಎಷ್ಟು ಉದ್ದ, ಎಲ್ಲಿ ಸಿಗುತ್ತದೆ. ಓದಿದರೆ ಯಾವ ಕೋಗಿಲೆಯ ಸುಳಿವೂ ಇಲ್ಲ. ಅವಳ ಹೆಸರಿನ ಬಲದಿಂದ ನನ್ನ ಹಾಡು ಓಡುವುದು ಬೇಡ. ಇ‌ದೂ ಒಂದು ಬಗೆಯ ಸೇಡೇ.

ಮೇ ೧೫, ಗುರುವಾರ

ಮಧ್ಯಾಹ್ನ ಒಂದು ರೇಡಿಯೋ ಸ್ಟೇಷನ್ನಿನವರು ಹಾಡು ಹಾಕಿದರು, ರಸ್ತೆ ಸಂಚಾರದ ಸುದ್ದಿಗೂ ಹವಾಮಾನಕ್ಕೂ ನಡುವೆ. ಯಜಮಾನರು ಅಂಗಡಿಯ ರೇಡಿಯೋ ಜೋರು ಮಾಡಿದರು. ಒಬ್ಬ ಗಿರಾಕಿಯ ಕಣ್ಣು ಪರೀಕ್ಷೆ ಅರ್ಧ ಆಗಿತ್ತು. ಹಾಡು ಮುಗಿಯುವವರೆಗೂ ಅವನನ್ನು ಆ ಭಾರದ ಚೌಕಟ್ಟಿನಲ್ಲೇ ಕೂರಿಸಿಬಿಟ್ಟಿದ್ದೆ. ಪಾಪ.

ಮೊದಲ ಚರಣದ ಕೊನೆಗೆ ಕೀಬೋರ್ಡು ಸ್ವಲ್ಪ ಜಾಸ್ತಿಯಾಗಿದೆ. ಮುಂದಿನದರಲ್ಲಿ ನೋಡಿಕೊಳ್ಳಬೇಕು.

ಮೇ ೧೮, ಭಾನುವಾರ

ಮುಂದಿನದು ಶುರುವಾಗಿದೆ. ಯಾರ ಮೇಲೂ ಅಲ್ಲ, ನಿಜವಾಗಿಯೂ. ಅಮ್ಮ ನಮ್ಮನ್ನು ಮಲಗಿಸಲು ತಾನೇ ಕಟ್ಟಿಕೊಂಡು ಹಾಡುತ್ತಿದ್ದ ಒಂದು ಜೋಗುಳ ಇತ್ತು. ಬೆಳಿಗ್ಗೆ ಮುಖ ತೊಳೆಯುವಾಗ ಅದರ ಮೊದಲ ಸಾಲು ನೆನಪಾಯಿತು: 'ಕಣ್ಣೊಳಗೆ ಕತ್ತಲ ತುಂಬಿಕೋ ಕಂದ'. ಅದನ್ನೇ ಹಿಡಿದು ಒಂದು ಹಾಡು ಕಟ್ಟಬಹುದು. ಮುಂದಿನ ಸಾಲು ಎಷ್ಟು ಹುಡುಕಿದರೂ ಬರಲಿಲ್ಲ. ಅಮ್ಮನನ್ನು ಕೇಳಿದೆ. ನಾನು ಅಂಥದ್ದು ಹಾಡ್ತಿದ್ದೆನಾ ಎಂದಳು. ಪೂರ್ತಿ ಮರೆತಿದ್ದಾಳೆ.

ನನಗೆ ಮೊದಲ ಸಾಲಷ್ಟೇ ಗೊತ್ತಿರುವುದಕ್ಕೆ ಕಾರಣವಿದೆ. ಅಷ್ಟರಲ್ಲಿ ನಾನು ನಿದ್ದೆಹೋಗುತ್ತಿದ್ದೆ. ಮುಂದಿನದನ್ನು ಕೇಳಿಸಿಕೊಂಡದ್ದು, ಪಕ್ಕದಲ್ಲಿ ಎಚ್ಚರವಾಗಿ ಮಲಗಿರುತ್ತಿದ್ದ ಅಕ್ಕ ಒಬ್ಬಳೇ.

ಊಟವಾದ ಮೇಲೆ ಫೋನ್ ಮಾಡಿದೆ. ಅವಳು ಟೀವಿಯಲ್ಲಿ ಬಂದ ದಿನದಿಂದ ನಾನಾಗಿ ಮಾಡಿದ್ದು ಇದೇ ಮೊದಲು. ಅವಳು ಹಲೋ ಎನ್ನುವ ಮೊದಲೇ, ನಾನೇನೂ ಕ್ಷಮಿಸಿಲ್ಲ, ಒಂದು ಸಾಲು ಬೇಕು, ಅದಕ್ಕೇ ಮಾಡಿದ್ದು ಎಂದೆ. ಯಾವುದು ಎಂದಳು. ಹೇಳಿದೆ. ಬರೀ ಮಾತು ಹೇಳು, ಹಾಡಬೇಡ ಎಂದೂ ಹೇಳಿದೆ.

ಅವಳು ಹಾಡಿದಳು. ತುಂಬಾ ಮೆಲ್ಲಗೆ, ಮಗು ಎದ್ದುಬಿಡುತ್ತದೇನೋ ಎಂಬ ಹಾಗೆ. ನನಗೆ ಬೇಕಾದ ಸಾಲು ಬಂತು, ಬರೆದುಕೊಂಡೆ. ಅದರ ಮುಂದಿನದೂ ಬಂತು. ಅಲ್ಲಿಂದ ಮುಂದಕ್ಕೆ ಬರೆದುಕೊಳ್ಳಲಿಲ್ಲ. ಫೋನನ್ನೂ ಇಡಲಿಲ್ಲ.